ಪ್ರವಾಸದಲ್ಲಿ ಓಡಿಸಿದ್ದು ಯಾಕೆ ಕೈಕೊಟ್ಟಿತು: ಒಂದು ರಗ್ಬಿ ತಂಡದ ಪ್ರಕರಣ

ದಾವಣಗೆರೆ, ಚಿತ್ರದುರ್ಗದ ಕಡೆಯ ಪಿಟಿ ಮೇಷ್ಟ್ರುಗಳು, ಜಿಮ್ ಟ್ರೈನರ್‌ಗಳು, ಗರಡಿ ಉಸ್ತಾದರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪ್ರಕರಣ ರಗ್ಬಿಯದು. ನಮ್ಮಲ್ಲಿ ಕಬಡ್ಡಿ, ಖೋಖೋ, ಕುಸ್ತಿ ಎಲ್ಲರಿಗೂ ಗೊತ್ತು. ರಗ್ಬಿ ಅಂದರೆ 'ಮೊಟ್ಟೆ ಥರದ ಚೆಂಡು ಹಿಡ್ಕೊಂಡು ಓಡ್ತಾರಲ್ಲ, ಅದಾ?' ಅನ್ನುವವರೇ ಜಾಸ್ತಿ. ಆದರೆ ಇಲ್ಲಿ ಎದ್ದ ಪ್ರಶ್ನೆ ಯಾವ ಆಟದವರಿಗಾದರೂ ಎದುರಾಗುತ್ತೆ. ತಂಡ ದೂರದ ಊರಿಗೆ ಹೋಗಿದೆ. ಮೊದಲ ಪಂದ್ಯ ಸೋತಿದೆ. ಮುಂದಿನದಕ್ಕೆ ನಾಲ್ಕೈದು ದಿನ ಇದೆ. ಈಗ ಹುಡುಗರನ್ನು ಓಡಿಸಬೇಕಾ, ಮಲಗಿಸಬೇಕಾ?

ವರ್ಷ, ಹೋದ ದೇಶ, ಎದುರಾಳಿ ಯಾವುದನ್ನೂ ಹೇಳುವುದಿಲ್ಲ. ಆಟಗಾರರ, ಕೋಚ್‌ಗಳ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಸ್ಕೋರು, ತೂಕದಂಥ ಅಂಕಿಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ತಂಡದ ಜೊತೆ ಹೋಗಿದ್ದ ಫಿಟ್ನೆಸ್ ಟ್ರೈನರ್ ದುರ್ಗದವರು. ಅವರ ನೋಟ್‌ಬುಕ್ ನೋಡಿ, ಅವರ ಜೊತೆಗೂ ಹೆಡ್ ಕೋಚ್ ಜೊತೆಗೂ ಮಾತಾಡಿ ಬರೆದಿದ್ದು ಇದು.

ಹಿನ್ನೆಲೆ

ಇದು 15 ಜನರ ರಗ್ಬಿ. ಒಲಿಂಪಿಕ್ಸ್‌ನಲ್ಲಿ 2016ರಿಂದ ಆಡಿಸುತ್ತಿರುವ 7 ಜನರ ಚುಟುಕು ಆಟ ಬೇರೆ. ಅದರಲ್ಲಿ 7 ನಿಮಿಷದ ಎರಡು ಅರ್ಧ, ಇದರಲ್ಲಿ 40 ನಿಮಿಷದ ಎರಡು ಅರ್ಧ. ಆ 80 ನಿಮಿಷದಲ್ಲಿ ಚೆಂಡು ನಿಜವಾಗಿ ಆಟದಲ್ಲಿ ಇರುವುದು ಅರ್ಧಕ್ಕಿಂತಲೂ ಕಡಿಮೆ ಹೊತ್ತು. ಆದರೆ ಆ ಹೊತ್ತಲ್ಲಿ ಓಡಬೇಕು, ಎದುರಿನವನನ್ನು ಕೆಡವಬೇಕು, ಎದ್ದು ಮತ್ತೆ ಓಡಬೇಕು. 8 ಜನ ಫಾರ್ವರ್ಡ್‌ಗಳು ಸ್ಕ್ರಮ್‌ನಲ್ಲಿ ಹೆಗಲು ಕೊಟ್ಟು ತಳ್ಳುತ್ತಾರೆ. 7 ಜನ ಬ್ಯಾಕ್‌ಗಳು ಹಿಂದೆ ಹರಡಿ ನಿಂತು ಓಟದ ಕೆಲಸ ನೋಡುತ್ತಾರೆ.

ನಮ್ಮ ದೇಶದ ರಗ್ಬಿ ತಂಡಗಳಿಗೆ ವರ್ಷಕ್ಕೆ ಸಿಗುವ ಅಂತರರಾಷ್ಟ್ರೀಯ ಪಂದ್ಯಗಳೇ ಬೆರಳೆಣಿಕೆಯಷ್ಟು. ಮಹಿಳಾ ತಂಡ 15 ಜನರ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದೇ 2018ರಲ್ಲಿ. ಮರುವರ್ಷ ಮನಿಲಾದಲ್ಲಿ ಸಿಂಗಾಪುರವನ್ನು 21–19ರಿಂದ ಸೋಲಿಸಿದ್ದು ಅವರ ಮೊದಲ ಗೆಲುವು. ಇದನ್ನು ಯಾಕೆ ಹೇಳಿದೆ ಅಂದರೆ, ಇಷ್ಟು ಅಪರೂಪಕ್ಕೆ ಪ್ರವಾಸ ಸಿಕ್ಕಾಗ ಕೋಚ್ ಮನಸ್ಸು ಹೇಗಿರುತ್ತೆ ಅನ್ನೋದು ಗೊತ್ತಿರಬೇಕು. ಎಲ್ಲರೂ ಒಂದೇ ಹೋಟೆಲ್‌ನಲ್ಲಿ ಇದ್ದಾರೆ, ಮೈದಾನ ಚೆನ್ನಾಗಿದೆ, ಮತ್ತೆ ಯಾವಾಗ ಸಿಗ್ತಾರೋ ಏನೋ. ವರ್ಷದ ಪಾಠವನ್ನೆಲ್ಲ ಎರಡು ವಾರದಲ್ಲೇ ಹೇಳಿಕೊಟ್ಟುಬಿಡೋಣ ಅನಿಸುತ್ತೆ.

ಇದು ಪುರುಷರ ತಂಡ. ಎರಡೂವರೆ ವಾರ, ಮೂರು ಪಂದ್ಯ. ಹೋಗಿದ್ದು ಭೂಮಧ್ಯ ರೇಖೆಗೆ ಹತ್ತಿರದ ಒಂದು ಆಗ್ನೇಯ ಏಷ್ಯಾ ದೇಶಕ್ಕೆ. ಹೆಡ್ ಕೋಚ್ ಹೊರರಾಜ್ಯದವರು, ಬಹಳ ವರ್ಷ ಆಡಿದವರು, ಆಟ ಬಲ್ಲವರು. ತಂಡದಲ್ಲಿ ಹರಿಹರದ ಹತ್ತಿರದ ಹಳ್ಳಿಯ ಒಬ್ಬ ಹುಡುಗ ಇದ್ದ. ಗರಡಿಯಲ್ಲಿ ಬೆಳೆದವನು, ಕಾಲೇಜಿಗೆ ಹೋದ ಮೇಲೆ ರಗ್ಬಿಗೆ ಬಂದವನು. ಫ್ಲ್ಯಾಂಕರ್ ಜಾಗದಲ್ಲಿ ಆಡುತ್ತಿದ್ದ. ಫ್ಲ್ಯಾಂಕರ್ ಅಂದರೆ ಮೈದಾನದಲ್ಲಿ ಅತಿ ಹೆಚ್ಚು ಜನರನ್ನು ಕೆಡವುವ ಕೆಲಸ. ಕುಸ್ತಿ ಹುಡುಗನಿಗೆ ಹೇಳಿ ಮಾಡಿಸಿದ ಜಾಗ.

ಹೊರಡುವ ಮುಂಚೆ ಕ್ಯಾಂಪ್ ನಡೆದಿದ್ದು ನಮ್ಮ ಬಯಲುಸೀಮೆಯ ಥರದ್ದೇ ಒಣ ಹವೆಯ ಊರಲ್ಲಿ, ಬೇಸಿಗೆಯಲ್ಲಿ. ಅಲ್ಲಿ ಎಲ್ಲರಿಗೂ ಬ್ರಾಂಕೋ ಟೆಸ್ಟ್ ಮಾಡಿಸಿದರು. 20 ಮೀಟರ್ ಹೋಗಿ ಬಾ, 40 ಹೋಗಿ ಬಾ, 60 ಹೋಗಿ ಬಾ. ಹೀಗೆ ನಿಲ್ಲದೆ 5 ಸುತ್ತು, ಒಟ್ಟು 1,200 ಮೀಟರ್. ನಮ್ಮ ಫ್ಲ್ಯಾಂಕರ್ 5 ನಿಮಿಷದೊಳಗೆ ಮುಗಿಸಿದ. ತಂಡದ ಬಹುತೇಕರು ಹಿಂದಿನ ಸಲಕ್ಕಿಂತ ಚೆನ್ನಾಗಿ ಓಡಿದ್ದರು. ಅಂದರೆ ಫಿಟ್ನೆಸ್ ಇತ್ತು. ಇದನ್ನು ನೆನಪಿಡಿ.

ಮೊದಲ ಪಂದ್ಯ

ರಾತ್ರಿ ವಿಮಾನ, ಬೆಳಗ್ಗೆ ಇಳಿದರು. ಮೂರನೇ ದಿನ ಪಂದ್ಯ. ಅರ್ಧ ಸಮಯಕ್ಕೆ 7–10. ಬರೀ ಮೂರು ಅಂಕ ಹಿಂದೆ, ಒಳ್ಳೆ ಪೈಪೋಟಿ. ಕೊನೆಯ 25 ನಿಮಿಷದಲ್ಲಿ ನಾಲ್ಕು ಟ್ರೈ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು) ಬಿಟ್ಟುಕೊಟ್ಟು 7–36ರಿಂದ ಸೋತರು.

ಕೋಚ್ ತೀರ್ಮಾನ ಸರಳ: 'ಕೊನೆಯಲ್ಲಿ ಸತ್ತುಹೋದ್ರು. ಫಿಟ್ನೆಸ್ ಸಾಲದು.' ಮರುದಿನ ಬೆಳಗ್ಗೆಯಿಂದ ಓಟ ಶುರು. ಬಿಸಿಲೇರುವ ಮೊದಲು ಮುಗಿಸೋಣ ಅಂತ 6 ಗಂಟೆಗೆ ಮೈದಾನ. ಸಂಜೆ ಮತ್ತೆ ಟ್ಯಾಕಲ್ (ಎದುರಿನವನನ್ನು ಹಿಡಿದು ಕೆಡವುವುದು), ಸ್ಕ್ರಮ್.

ಇಲ್ಲಿ ಎರಡು ವಿಷಯ ಯಾರ ಲೆಕ್ಕಕ್ಕೂ ಬರಲಿಲ್ಲ. ಆ ದೇಶದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ 6 ಅಂದರೆ ಹುಡುಗರ ಮೈಗೆ ಇನ್ನೂ ಮೂರೂವರೆ. ರಾತ್ರಿ ಅಲ್ಲಿಯ 10ಕ್ಕೆ ಲೈಟ್ ಆರಿಸಿ ಅಂದರೆ ಮೈಗೆ ಏಳೂವರೆ, ನಿದ್ದೆ ಎಲ್ಲಿಂದ ಬರಬೇಕು? ಎರಡೂವರೆ ಗಂಟೆ ದೊಡ್ಡ ವ್ಯತ್ಯಾಸವೇನಲ್ಲ, ಎರಡು ಮೂರು ದಿನದಲ್ಲಿ ಮೈ ಹೊಂದಿಕೊಳ್ಳುತ್ತೆ. ಆದರೆ ಹೊಂದಿಕೊಳ್ಳಲು ಬಿಡಬೇಕಲ್ಲ. ದಿನಾ ಐದಕ್ಕೇ ಎಬ್ಬಿಸಿದರೆ ನಿದ್ದೆ ಸಾಲ ಬೆಳೆಯುತ್ತಲೇ ಹೋಗುತ್ತೆ.

ಎರಡನೆಯದು ಹವೆ. 'ಬಿಸಿಲು ನಮಗೇನು ಹೊಸದಾ?' ಅಂತ ನಮ್ಮ ಫ್ಲ್ಯಾಂಕರ್ ಕ್ಯಾಂಪ್‌ನಲ್ಲಿ ನಕ್ಕಿದ್ದನಂತೆ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ 38 ಡಿಗ್ರಿ ದಾಟುತ್ತೆ. ದುರ್ಗದಲ್ಲಿ ಆ ಬಿಸಿಲಲ್ಲೂ ಹುಡುಗರು ಕೋಟೆ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಆದರೆ ನಮ್ಮದು ಒಣ ಬಿಸಿಲು. ಬೆವರು ಬಂದ ಹಾಗೇ ಆರಿಹೋಗುತ್ತೆ, ಬನಿಯನ್ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತೆ. ಹಾಗೆ ಆರುವಾಗಲೇ ಮೈ ತಂಪಾಗುವುದು. ಭೂಮಧ್ಯ ರೇಖೆ ಹತ್ತಿರ 30–31 ಡಿಗ್ರಿಯೇ ಇರಬಹುದು, ಆದರೆ ಗಾಳಿಯಲ್ಲಿ ನೀರು ತುಂಬಿರುತ್ತೆ. ಬೆವರು ಆರುವುದಿಲ್ಲ, ಸುಮ್ನೆ ತೊಟ್ಟಿಕ್ಕುತ್ತೆ. ನೀರೂ ಉಪ್ಪೂ ಹೋಗುತ್ತೆ, ಮೈ ಮಾತ್ರ ತಣಿಯುವುದಿಲ್ಲ. ಇನ್ನೊಂದು, ಅಂಥ ಕಡೆ ಗಾಳಿಯ ತೇವ ಅತಿ ಹೆಚ್ಚಿರುವುದು ಬೆಳಗಿನ ಜಾವಕ್ಕೇ. ಬಿಸಿಲು ತಪ್ಪಿಸಲು ಹೋಗಿ ಕೋಚ್ ಆರಿಸಿಕೊಂಡ ಹೊತ್ತು ಅದೇ.

ಟ್ರೈನರ್‌ಗೆ ಅನುಮಾನ ಬಂದಿದ್ದು ಬಕೆಟ್‌ನಿಂದ. ಎರಡನೇ ದಿನದ ಓಟ ಮುಗಿದಾಗ ಒಬ್ಬ ಪ್ರಾಪ್ (ಸ್ಕ್ರಮ್‌ನ ಮುಂದಿನ ಸಾಲಿನ ಆಟಗಾರ) ತನ್ನ ಜೆರ್ಸಿ ಬಿಚ್ಚಿ ಬಕೆಟ್ ಮೇಲೆ ಹಿಂಡಿದನಂತೆ. ಬಟ್ಟೆ ಒಗೆದು ಹಿಂಡಿದ ಹಾಗೆ ನೀರು ಸುರಿಯಿತು. ಹುಡುಗರು ನಕ್ಕರು. ಟ್ರೈನರ್ ಹತ್ತಿರದ ಅಂಗಡಿಗೆ ಹೋಗಿ ಮನೆಯಲ್ಲಿಡುವ ಸಾದಾ ತೂಕದ ಯಂತ್ರ ಒಂದನ್ನು ತಮ್ಮ ದುಡ್ಡಲ್ಲೇ ತಂದರು.

ಮರುದಿನದಿಂದ ಮೈದಾನಕ್ಕೆ ಹೋಗುವ ಮೊದಲು ಒಂದು ಸಲ, ಬಂದು ಮೈ ಒರೆಸಿಕೊಂಡ ಮೇಲೆ ಒಂದು ಸಲ, ಬರೀ ಚಡ್ಡಿಯಲ್ಲಿ ನಿಲ್ಲಿಸಿ ತೂಕ ಬರೆದುಕೊಂಡರು. ಒಂದೇ ಅಭ್ಯಾಸದಲ್ಲಿ ಹಲವರು ಎರಡು ಕಿಲೋ ಕಳೆದುಕೊಳ್ಳುತ್ತಿದ್ದರು. 90 ಕಿಲೋದವನಿಗೆ ಅದು ನೂರಕ್ಕೆ ಎರಡರ ಮೇಲೆ. ಅಷ್ಟು ನೀರು ಹೋದರೆ ಓಟವೂ ಕುಂದುತ್ತೆ, ತಲೆಯೂ ಮಂದವಾಗುತ್ತೆ. ಅದಕ್ಕಿಂತ ಗಾಬರಿಯ ವಿಷಯ, ಮರುದಿನ ಬೆಳಗ್ಗೆಗೂ ತೂಕ ವಾಪಸ್ ಬರುತ್ತಿರಲಿಲ್ಲ. ಕ್ಯಾಂಪ್‌ನಲ್ಲಿ 84 ಇದ್ದ ಫ್ಲ್ಯಾಂಕರ್ ಎರಡನೇ ಪಂದ್ಯದ ಹಿಂದಿನ ದಿನ ಬೆಳಗ್ಗೆ ಎದ್ದಾಗಲೇ ಎಂಬತ್ತೊಂದೂವರೆ.

ಟ್ರೈನರ್ ಇದನ್ನು ಕೋಚ್‌ಗೆ ಹೇಳಿದರು. ಕೋಚ್ ಪಟ್ಟಿ ನೋಡಿ, 'ಹಾಗಾದ್ರೆ ಜಾಸ್ತಿ ನೀರು ಕುಡಿಸಿ' ಅಂದರು, ಅಷ್ಟೇ. ಆರು ಲೀಟರ್ ಕುಡಿಯಲೇಬೇಕು ಅಂತ ಹುಡುಗರಿಗೆ ಅಪ್ಪಣೆಯೂ ಆಯಿತು. ಇದೂ ಅಪಾಯವೇ. ಉಪ್ಪಿಲ್ಲದೆ ಬರೀ ನೀರು ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ವಾಂತಿ, ತಲೆನೋವಿನಿಂದ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಟ್ರೈನರ್ ಆ ಅಪ್ಪಣೆಯನ್ನು ಮೆಲ್ಲಗೆ ಬದಲಿಸಿದರು. ಕಳೆದುಹೋದ ಒಂದು ಕಿಲೋಗೆ ಹೆಚ್ಚೆಂದರೆ ಒಂದೂವರೆ ಲೀಟರ್, ಅದೂ ಗಟಗಟ ಅಲ್ಲ, ಮುಂದಿನ ಕೆಲವು ಗಂಟೆಗಳಲ್ಲಿ. ಜೊತೆಗೆ ಓಆರ್‌ಎಸ್. ಕೆಲವು ಹುಡುಗರು ಒಂದು ಲೀಟರ್‌ನ ಪ್ಯಾಕೆಟ್ಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿದು ಕುಡಿದು 'ಹೊಟ್ಟೆ ತೊಳಸ್ತಿದೆ ಸರ್' ಅಂತಿದ್ದರಂತೆ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಬೇಕು ಅಂತ ಒಬ್ಬೊಬ್ಬರ ರೂಮಿಗೆ ಹೋಗಿ ತೋರಿಸಬೇಕಾಯಿತು.

ಓಟ ಮಾತ್ರ ನಿಲ್ಲಲಿಲ್ಲ.

ಹಳದಿ ಕಾರ್ಡು

ಎರಡನೇ ಪಂದ್ಯ ಇನ್ನೂ ಕೆಟ್ಟದಾಯಿತು. 58ನೇ ನಿಮಿಷದಲ್ಲಿ ನಮ್ಮ ಫ್ಲ್ಯಾಂಕರ್ ಎದುರಾಳಿಯನ್ನು ಕತ್ತಿನ ಮಟ್ಟದಲ್ಲಿ ಹಿಡಿದ. ರಗ್ಬಿಯಲ್ಲಿ ಭುಜದ ಗೆರೆಯ ಮೇಲೆ ಟ್ಯಾಕಲ್ ಮಾಡುವ ಹಾಗಿಲ್ಲ. ಹಳದಿ ಕಾರ್ಡು, 10 ನಿಮಿಷ ಹೊರಗೆ. 14 ಜನ ಆಡಿದ ಆ 10 ನಿಮಿಷದಲ್ಲಿ ಎರಡು ಟ್ರೈ ಹೋಯಿತು. ಆಮೇಲೆ ಅಂಚಿನಲ್ಲಿ ಓಡುವ ಒಬ್ಬ ವಿಂಗ್ ಆಟಗಾರನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಅವನ ಪ್ರವಾಸ ಅಲ್ಲಿಗೇ ಮುಗಿಯಿತು.

ಕೋಚ್ ಕೆಂಡವಾಗಿದ್ದರು. ಫ್ಲ್ಯಾಂಕರ್‌ಗೆ ಶಿಸ್ತಿಲ್ಲ, ಮೂರನೇ ಪಂದ್ಯಕ್ಕೆ ಅವನನ್ನು ಕೂರಿಸುತ್ತೇನೆ ಅಂದರು. ಹುಡುಗ ಟ್ರೈನರ್ ಹತ್ತಿರ ಬಂದು, 'ಸರ್, ಬಗ್ಗೋಣ ಅಂತಾನೇ ಹೋದೆ, ಕಾಲು ಬಗ್ಗಲಿಲ್ಲ' ಅಂದನಂತೆ.

ಈ ಪ್ರಕರಣ ತಿರುಗಿದ್ದು ಆ ರಾತ್ರಿ. ಟ್ರೈನರ್ ಈ ಸಲ ತೂಕದ ಪಟ್ಟಿ ತೆಗೆದುಕೊಂಡು ಹೋಗಲಿಲ್ಲ. ಪಂದ್ಯದ ವಿಡಿಯೋದಿಂದ ಅದೇ ಹುಡುಗನ ನಾಲ್ಕು ಟ್ಯಾಕಲ್ ಕತ್ತರಿಸಿ ಇಟ್ಟುಕೊಂಡರು. ಮೊದಲನೆಯದು 9ನೇ ನಿಮಿಷದ್ದು. ಸೊಂಟ ಕೆಳಗೆ, ಬೆನ್ನು ನೇರ, ಹೆಗಲು ಎದುರಾಳಿಯ ತೊಡೆಗೆ, ತಲೆ ಹೊರಬದಿಗೆ. ಗರಡಿಯಲ್ಲಿ ಕಾಲಿಗೆ ಪಟ್ಟು ಹಾಕುವವನ ನಿಲುವು ಅದು, ಎಳೆವಯಸ್ಸಿನಿಂದ ಮೈಗೆ ಕೂತಿದ್ದು. 31ನೇ ನಿಮಿಷದಲ್ಲಿ ಹೆಗಲು ಸೊಂಟದ ಮಟ್ಟಕ್ಕೆ ಬಂದಿದೆ. 49ರಲ್ಲಿ ಹೊಟ್ಟೆಗೆ, ಮಂಡಿ ಬಗ್ಗಿಲ್ಲ, ಮೇಲಿನಿಂದ ಬರೀ ಕೈ ಚಾಚಿದ್ದಾನೆ. 58ರಲ್ಲಿ ಪೂರ್ತಿ ನೆಟ್ಟಗೆ ನಿಂತಿದ್ದಾನೆ. ಎದುರಾಳಿ ಸ್ವಲ್ಪ ತಗ್ಗಿದ, ಕೈ ಕತ್ತಿಗೆ ಹೋಯಿತು.

ಕೋಚ್ ಆ ನಾಲ್ಕನ್ನೂ ಮತ್ತೆ ಮತ್ತೆ ಹಾಕಿ ನೋಡಿದರಂತೆ. ಆಮೇಲೆ ಅವರೇ ಕೇಳಿದರು: 'ಉಳಿದವರದೂ ಹೀಗೇ ಇದೆಯಾ?' ಆಗ ಪಟ್ಟಿ ಹೊರಗೆ ಬಂತು.

ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಕಲಿಯಲು ಇರುವುದು ಹೆಚ್ಚಾಗಿ ಇಲ್ಲೇ. ಅಂಕಿಗಳು ಪಂದ್ಯಕ್ಕೆ ಮುಂಚಿನಿಂದಲೇ ಮೇಜಿನ ಮೇಲಿದ್ದವು. ಕೋಚ್ ದಡ್ಡರಲ್ಲ, ಹಠಮಾರಿಯೂ ಅಲ್ಲ. ಆದರೆ ಅವರ ಕಣ್ಣು ಪಳಗಿರುವುದು ಟ್ಯಾಕಲ್ ನೋಡಲು, ಕಿಲೋ ನೋಡಲು ಅಲ್ಲ. ದಣಿವು ಅವರಿಗೆ ಕಂಡಿದ್ದು ಒಮ್ಮೆ ಫಿಟ್ನೆಸ್ ಕೊರತೆಯ ಹಾಗೆ, ಇನ್ನೊಮ್ಮೆ ಅಶಿಸ್ತಿನ ಹಾಗೆ. ಅದು ದಣಿವೇ ಅಂತ ತೋರಿಸಲು ಅವರು ಓದಬಲ್ಲ ರೂಪಕ್ಕೆ ಅದನ್ನು ತರಬೇಕಿತ್ತು. ನಮ್ಮ ಶಾಲಾ ಕಾಲೇಜುಗಳಲ್ಲೂ ಇದೇ ಕಥೆ ಅಲ್ವಾ? ಸಂಜೆ ಹೊತ್ತಿಗೆ ಹುಡುಗ ಕಬಡ್ಡಿ ರೈಡ್‌ನಲ್ಲಿ ಎಡವಿದರೆ 'ಗಮನ ಎಲ್ಲಿದೆ?' ಅಂತ ಗದರುತ್ತೇವೆ. ಮಧ್ಯಾಹ್ನ ಏನು ತಿಂದ ಅಂತ ಕೇಳುವವರು ಕಡಿಮೆ.

ಏನು ಬದಲಿಸಿದರು

ಟ್ರೈನರ್ ಕೇಳಿದ್ದು ಪೂರ್ತಿ ಅಧಿಕಾರವಲ್ಲ. 'ಎರಡು ದಿನ ನನ್ನ ಮಾತು ಕೇಳಿ ಸರ್. ಬೆಳಗಿನ ತೂಕ ವಾಪಸ್ ಬರದಿದ್ದರೆ ನಿಮ್ಮ ಪ್ಲಾನ್‌ಗೇ ಹೋಗೋಣ.' ಕೋಚ್ ಒಪ್ಪಿದರು, ಪೂರ್ತಿ ಮನಸ್ಸಿಂದ ಅಲ್ಲ. ಟೂರ್‌ಗೆ ಬಂದು ಸುಮ್ನೆ ಕೂತರೆ ಮೈ ಜಡ್ಡುಗಟ್ಟುತ್ತೆ ಅನ್ನುವುದು ಅವರ ವಾದ. ಟ್ರೈನರ್ ಅದಕ್ಕೆ ಕೊಟ್ಟ ಉತ್ತರ ನನಗೆ ಇಷ್ಟವಾಯಿತು. ದಾವಣಗೆರೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಆಡುವ ಪೈಲ್ವಾನ್ ಆರು ತಿಂಗಳು ಸಾಮು ಮಾಡಿರುತ್ತಾನೆ, ಅಖಾಡಕ್ಕೆ ಇಳಿಯುವ ದಿನ ಬೆಳಗ್ಗೆ ಸಾವಿರ ಬಸ್ಕಿ ಹೊಡೆಯುವುದಿಲ್ಲ.

ಇದಕ್ಕೆ ಲೆಕ್ಕದ ಬಲವೂ ಇದೆ. ಫಿಟ್ನೆಸ್ ಬೆಳೆಯಲು ವಾರಗಟ್ಟಲೆ ಬೇಕು, ದಣಿವು ಒಂದೇ ದಿನದಲ್ಲಿ ಬರುತ್ತೆ. ಪ್ರವಾಸದ ಐದು ದಿನದಲ್ಲಿ ಓಡಿಸಿ ಹೊಸ ಫಿಟ್ನೆಸ್ ಹುಟ್ಟಿಸಲು ಆಗುವುದಿಲ್ಲ, ಇರುವುದನ್ನು ದಣಿವಿನ ಕೆಳಗೆ ಹೂತುಹಾಕಬಹುದು ಅಷ್ಟೇ. ಅಭ್ಯಾಸದ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿ ವೇಗವನ್ನು ಮಾತ್ರ ಹಾಗೇ ಉಳಿಸಿಕೊಂಡರೆ, ಒಂದೆರಡು ವಾರದಲ್ಲಿ ಕಸುವು ಕುಗ್ಗುವುದಿಲ್ಲ. ಓಟಗಾರರು, ಈಜುಗಾರರು ದೊಡ್ಡ ಸ್ಪರ್ಧೆಗೆ ಮುಂಚೆ ಮಾಡುವುದೂ ಇದನ್ನೇ.

ಹೊರೆ ಅಳೆಯಲು ಯಂತ್ರವೇನೂ ಬೇಕಾಗಲಿಲ್ಲ. ಅಭ್ಯಾಸ ಮುಗಿದ ಅರ್ಧ ಗಂಟೆಗೆ ಪ್ರತಿಯೊಬ್ಬನನ್ನೂ 'ಹತ್ತಕ್ಕೆ ಎಷ್ಟು ಕಷ್ಟ ಆಯ್ತು?' ಅಂತ ಕೇಳುವುದು. ಅವನು ಹೇಳಿದ ಅಂಕಿಯನ್ನು ನಿಮಿಷಕ್ಕೆ ಗುಣಿಸುವುದು. 90 ನಿಮಿಷ, 8 ಅಂದರೆ 720. 40 ನಿಮಿಷ, 5 ಅಂದರೆ 200. ದಿನಕ್ಕೆ ಎರಡು ಅಭ್ಯಾಸ ಇದ್ದಾಗ ಹುಡುಗರ ಲೆಕ್ಕ ಸಾವಿರ ದಾಟುತ್ತಿತ್ತು. ಯಾವ ಶಾಲೆಯಲ್ಲಾದರೂ ಇದನ್ನು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಮಾಡಬಹುದು. ಒಂದೇ ಷರತ್ತು: ಎಲ್ಲರೆದುರು ಕೇಳಬಾರದು. ಪಕ್ಕದವನು 5 ಅಂದರೆ ಇವನೂ 5 ಅನ್ನುತ್ತಾನೆ.

ಬೆಳಗಿನ ಮೈದಾನ ರದ್ದಾಯಿತು. ಹುಡುಗರು ಏಳೂವರೆವರೆಗೆ ಮಲಗಿದರು. ಮೊದಲ ದಿನ ಹೋಟೆಲ್ ಈಜುಕೊಳದಲ್ಲಿ ನಡೆದಾಟ ಬಿಟ್ಟರೆ ಏನೂ ಇಲ್ಲ. ಆಮೇಲಿನ ಅಭ್ಯಾಸ ಸಂಜೆ, ಪಂದ್ಯ ನಡೆಯುವ ಹೊತ್ತಿಗೇ. ಮೈಗೆ ಮೈ ತಾಗುವ ಅಭ್ಯಾಸ ಒಂದೇ ದಿನ, ಮುಕ್ಕಾಲು ಗಂಟೆ, ಆದರೆ ಪೂರ್ತಿ ವೇಗದಲ್ಲಿ.

ಊಟದ ಕಡೆ ನೋಡಿದಾಗ ಇನ್ನೊಂದು ವಿಷಯ ಬಯಲಾಯಿತು. ಸಸ್ಯಾಹಾರಿ ಹುಡುಗರು ನಾಲ್ಕೈದು ಜನ ಬಫೆಯಲ್ಲಿ ಏನು ಯಾವುದರದು ಅಂತ ಗೊತ್ತಾಗದೆ ಬ್ರೆಡ್ಡು ಜಾಮ್ ತಿಂದು ಎದ್ದುಬರುತ್ತಿದ್ದರು. ಫ್ಲ್ಯಾಂಕರ್ ಅವರಲ್ಲಿ ಒಬ್ಬ. ಮನೆಯಿಂದ ತಂದ ಮಂಡಕ್ಕಿ, ಚಟ್ನಿಪುಡಿ ಒಂದೇ ವಾರದಲ್ಲಿ ಖಾಲಿಯಾಗಿತ್ತು, ಅರ್ಧ ಅವನ ರೂಮ್‌ಮೇಟ್ ಹೊಟ್ಟೆಗೆ. ಯಾರೂ ದೂರು ಹೇಳಿರಲಿಲ್ಲ. ರಾಷ್ಟ್ರೀಯ ತಂಡಕ್ಕೆ ಬಂದು ಊಟ ಸರಿಯಿಲ್ಲ ಅನ್ನೋದಾ ಅಂತ ಸಂಕೋಚ. ಮ್ಯಾನೇಜರ್ ಹೋಟೆಲ್‌ನವರ ಜೊತೆ ಮಾತಾಡಿ ದಿನಕ್ಕೆರಡು ಹೊತ್ತು ಬಿಳಿ ಅನ್ನ, ಬೇಳೆ, ಮೊಸರು, ಬಾಳೆಹಣ್ಣು ಇಡಿಸಿದರು. ರಾತ್ರಿ ಹಸಿವಿಗೆ ಅಂತ ಟ್ರೈನರ್ ರೂಮಿಗೆ ಒಂದು ಕರೆಂಟ್ ಕುಕ್ಕರ್ ಬಂತು. ಮೂರನೇ ಬೆಳಗ್ಗೆ ಫ್ಲ್ಯಾಂಕರ್ ತೂಕ 83 ದಾಟಿತು. ಕೋಚ್ ಏನೂ ಹೇಳಲಿಲ್ಲ, ಆದರೆ ಹಳೆಯ ಟೈಮ್‌ಟೇಬಲ್ ವಾಪಸ್ ಬರಲಿಲ್ಲ.

ಮೂರನೇ ಪಂದ್ಯ

ಫ್ಲ್ಯಾಂಕರ್‌ನನ್ನು ಆಡಿಸಿದರು. ತಂಡ 17–20ರಿಂದ ಸೋತಿತು. ಅರ್ಧ ಸಮಯಕ್ಕೆ 12–15 ಇತ್ತು, ಅಂದರೆ ಎರಡನೇ ಅರ್ಧ ಸಮಸಮ. ಹಿಂದಿನ ಎರಡು ಪಂದ್ಯದಲ್ಲಿ ಕುಸಿದುಬಿದ್ದಿದ್ದ ಕೊನೆಯ 25 ನಿಮಿಷದಲ್ಲಿ ಈ ಸಲ ಎದುರಾಳಿಗಳನ್ನೇ ಅವರ ಗೆರೆಯ ಹತ್ತಿರ ಹಿಡಿದಿಟ್ಟಿದ್ದರು. ಫ್ಲ್ಯಾಂಕರ್‌ನ 70ನೇ ನಿಮಿಷದ ಟ್ಯಾಕಲ್ ನಾನೂ ನೋಡಿದೆ. ಹೆಗಲು ತೊಡೆಗೇ ಇತ್ತು.

ಆದರೆ ಇದಕ್ಕೆಲ್ಲ ಟ್ರೈನರ್‌ಗೆ ಹಾರ ಹಾಕುವ ಮೊದಲು ಎರಡು ಮಾತು. ಆ ಸಂಜೆ ಪಂದ್ಯಕ್ಕೆ ಮುಂಚೆ ಜೋರು ಮಳೆ ಬಂದು ಹವೆ ತಂಪಾಗಿತ್ತು. ಅಷ್ಟೊತ್ತಿಗೆ ತಂಡ ಆ ದೇಶಕ್ಕೆ ಬಂದು ಎರಡು ವಾರ ಆಗುತ್ತಾ ಬಂದಿತ್ತು. ಹೊಸ ಹವೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು, ಹಾಗಾಗಿ ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸುತ್ತಿತ್ತು. ಎಷ್ಟು ಪಾಲು ವಿಶ್ರಾಂತಿಯದು, ಎಷ್ಟು ಮಳೆಯದು, ಎಷ್ಟು ಅನ್ನದ್ದು ಅಂತ ಬೇರ್ಪಡಿಸಿ ಹೇಳಲು ಒಂದೇ ತಂಡದ ಒಂದೇ ಪ್ರವಾಸದಿಂದ ಆಗುವುದಿಲ್ಲ.

ಬೆಲೆಯನ್ನೂ ತೆತ್ತರು. ಪಕ್ಕದ ಗೆರೆಯಿಂದ ಚೆಂಡು ಎಸೆಯುವ ಲೈನ್‌ಔಟ್‌ನಲ್ಲಿ ತಮ್ಮದೇ ಐದು ಎಸೆತ ಎದುರಾಳಿಗೆ ಹೋಯಿತು. ಎತ್ತುವವರ, ಹಾರುವವನ, ಎಸೆಯುವವನ ತಾಳ ಕೂಡಲು ಅಭ್ಯಾಸ ಬೇಕು, ಅದನ್ನೇ ಕತ್ತರಿಸಲಾಗಿತ್ತು. ಮೂರು ಅಂಕದ ಸೋಲಿನಲ್ಲಿ ಐದು ಲೈನ್‌ಔಟ್ ಅಂದರೆ ಸಣ್ಣ ವಿಷಯ ಅಲ್ಲ. ಕೋಚ್ ಫೋನ್‌ನಲ್ಲಿ ನನಗೆ ಮೊದಲು ಹೇಳಿದ್ದೂ ಇದನ್ನೇ: 'ಟ್ರೈನರ್ ಸರಿ. ಆದರೆ ಆ ಪಂದ್ಯ ನಾವು ಗೆಲ್ಲಬಹುದಿತ್ತು.' ಅವರ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಹೊರೆ ಇಳಿಸುವಾಗ ಓಟ ಇಳಿಸಬೇಕು. ಓಟ ಬೇಡದ ಕೈಚಳಕದ ಅಭ್ಯಾಸವನ್ನು ಅದರ ಜೊತೆಗೇ ಕತ್ತರಿಸುವ ಅಗತ್ಯ ಇರಲಿಲ್ಲ. ಲೈನ್‌ಔಟ್ ತಾಳವನ್ನು ಹೋಟೆಲ್‌ನ ಪಾರ್ಕಿಂಗ್‌ನಲ್ಲಿ, ಹಾರದೆ, ನಡೆದೇ ಕೂಡಿಸಬಹುದಿತ್ತು.

ಮುಂದಿನ ಪ್ರವಾಸಕ್ಕೆ

ಟ್ರೈನರ್ ಮುಂದಿನ ಸಲಕ್ಕೆ ಮೂರು ಬೇಡಿಕೆ ಬರೆದುಕೊಟ್ಟಿದ್ದಾರೆ. ಮೊದಲ ಪಂದ್ಯಕ್ಕೆ ಒಂದು ವಾರ ಮುಂಚೆ ಆ ದೇಶ ತಲುಪಬೇಕು ಅನ್ನುವುದು ಮೊದಲನೆಯದು. ಆಟಗಾರರು, ಸಿಬ್ಬಂದಿ ಸೇರಿ ಮೂವತ್ತು ಚಿಲ್ಲರೆ ಜನರ ಹೋಟೆಲ್ ಖರ್ಚು ಅಂದಾಗ ಅದು ಅಲ್ಲಿಗೇ ಬಿದ್ದುಹೋಯಿತು. ಎರಡನೆಯದು ಅಗ್ಗದ ದಾರಿ: ಕೊನೆಯ ಕ್ಯಾಂಪನ್ನು ಒಣ ಊರಲ್ಲಿ ಮಾಡದೆ ಕರಾವಳಿಯಲ್ಲಿ, ಮಂಗಳೂರು ಉಡುಪಿ ಕಡೆ ಹತ್ತು ಹನ್ನೆರಡು ದಿನ ಮಾಡಿ, ಅಲ್ಲಿಂದ ನೇರ ವಿಮಾನ ಹತ್ತಬೇಕು. ನಡುವೆ ತಿಂಗಳು ಬಿಟ್ಟರೆ ಒಗ್ಗಿದ್ದೆಲ್ಲ ಕರಗಿಹೋಗುತ್ತೆ. ಇದು ಇನ್ನೂ ಚರ್ಚೆಯಲ್ಲಿದೆ. ದಾವಣಗೆರೆಯಿಂದ ಚೆನ್ನೈಗೋ ಮುಂಬೈಗೋ ಕಬಡ್ಡಿ ತಂಡ ಕರೆದುಕೊಂಡು ಹೋಗುವ ನಮ್ಮ ಕಾಲೇಜಿನವರಿಗೂ ಇದು ಅನ್ವಯಿಸುತ್ತೆ. ಅಷ್ಟು ದಿನ ಸಿಗದಿದ್ದರೂ ಪಂದ್ಯಕ್ಕೆ ನಾಲ್ಕು ದಿನ ಮುಂಚೆ ಹೋದರೆ ಏನೂ ಇಲ್ಲದ್ದಕ್ಕಿಂತ ವಾಸಿ.

ಮೂರನೆಯದು ತೂಕದ ಯಂತ್ರ ಮತ್ತು ಕುಕ್ಕರ್ ತಂಡದ ಸಾಮಾನಿನ ಪಟ್ಟಿಗೆ ಸೇರಬೇಕು ಅನ್ನುವುದು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಕೋಚ್ ತಮ್ಮ ಕಡೆಯಿಂದ ಒಂದು ಷರತ್ತು ಸೇರಿಸಿದ್ದಾರೆ: ವಿಶ್ರಾಂತಿ ದಿನವೂ ಇಪ್ಪತ್ತು ನಿಮಿಷ ಲೈನ್‌ಔಟ್, ಮಳೆ ಬರಲಿ ಬಿಡಲಿ. ಟ್ರೈನರ್ ಅದಕ್ಕೆ ಸಹಿ ಹಾಕಿದ್ದಾರೆ.